ಅಂಗೈಯಗಲದ ಮದುವೆ

ಖಾಲಿ ಡಬ್ಬಿ ಕೊಟ್ಟು ಹೊಗಳಿಸಿಕೊಳ್ಳುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. ಕಟಿಂಗ್ ಮಾಸ್ಟರ ಷಡ್ಡಕನಿಗೆ ಅದು ಹುಟ್ಟಿನಿಂದಲೇ ಒಲಿದು ಬಂದಿತ್ತು. ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಅತ್ತೆಯನ್ನು ನೋಡಲು ಬಂದವನು ಹಣ್ಣು ತರಲಿಲ್ಲ, ಬಿಸ್ಕತ್ತು ತರಲಿಲ್ಲ. ಅಂಗೈಯಗಲದ ಒಂದು ವಿಡಿಯೊ ಪ್ಲೇಯರ್ ತಂದು ಅವರ ಹೊಟ್ಟೆಯ ಮೇಲಿಟ್ಟ. ಮಲಗಿದ ಕಡೆಯಲ್ಲೇ ಮೊಮ್ಮಗಳ ಮದುವೆ ನೋಡಬಹುದು ಅಂದ. ಅದರೊಳಗೆ ಮದುವೆ ಇರಲಿಲ್ಲ. ಮದುವೆ ಹಾಳಾಗಲಿ, ಒಂದು ನಿಶ್ಚಿತಾರ್ಥವೂ ಇರಲಿಲ್ಲ. ಆದರೂ ಅತ್ತೆಯ ಕಣ್ಣು ತುಂಬಿ ಬಂತು. “ತುಂಬಿಸೋದೇನು ಮಹಾ ಕೆಲಸ, ಇವರು ಮಾಡ್ತಾರೆ ಬಿಡಿ” ಎಂದು ಷಡ್ಡಕ ಮಾಸ್ಟರ ಬೆನ್ನು ತಟ್ಟಿ, ಕಾರು ಹತ್ತಿ ಹೊರಟುಹೋದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಕಟ್ಟಿದವರಿಗೆ ಈ ಷಡ್ಡಕನ ಪರಿಚಯವಿರಲಿಲ್ಲ. ಇಲ್ಲಿ ಕೊಟ್ಟವನೇ ಈರಭದ್ರನಾಗಿ, ಕೋಡಂಗಿಯ ಸ್ಥಾನವನ್ನು ಮಾಸ್ಟರಿಗೆಂದು ಬಿಟ್ಟುಹೋಗಿದ್ದ.

ಅತ್ತೆಯ ಸಂಕಟ ಮಾತ್ರ ನಿಜವಾದದ್ದು, ಅದನ್ನು ಗೇಲಿ ಮಾಡುವಂತಿಲ್ಲ. ಮಾಸ್ಟರ ಮಗಳು ಅಂಬೆಗಾಲಿಟ್ಟದ್ದು, ಹಾಲುಹಲ್ಲು ಬಿದ್ದದ್ದು, ಶಾಲೆಗೆ ಹೋಗೊಲ್ಲ ಅಂತ ಮಂಚದ ಕೆಳಗೆ ಸೇರಿಕೊಂಡದ್ದು ಎಲ್ಲವೂ ಎರಡು ಬೀದಿಯಾಚೆಯ ಈ ಅಜ್ಜಿಯ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಇಡೀ ದಿನ ಅಂಗಡಿಯಲ್ಲಿರುತ್ತಿದ್ದರು, ಅಪ್ಪ ಕತ್ತರಿ ಹಿಡಿದು, ಅಮ್ಮ ಇಸ್ತ್ರಿಪೆಟ್ಟಿಗೆ ಹಿಡಿದು. ಹಾಗೆ ಎತ್ತಿ ಆಡಿಸಿದ ಮೊಮ್ಮಗಳ ಮದುವೆಗೆ ಎರಡೇ ದಿನ ಉಳಿದಿದೆ ಎನ್ನುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಮದುವೆ ಮುಂದಕ್ಕೆ ಹಾಕುತ್ತೇವೆ ಅಂದವರನ್ನು ಆಸ್ಪತ್ರೆಯ ಮಂಚದಿಂದಲೇ ಗದರಿಸಿ ಕಳಿಸಿದರು. ಈಗ ಆಪರೇಷನ್ ಆಗಿ ಮನೆಗೆ ಬಂದಿದ್ದರು. ಆರು ವಾರ ಅಂಗಾತ ಮಲಗಿರಬೇಕು, ಮಗ್ಗುಲು ತಿರುಗುವ ಹಾಗಿಲ್ಲ, ಎದ್ದು ಕೂರುವ ಹಾಗಿಲ್ಲ. ಹಜಾರದ ಟಿವಿಯನ್ನು ಕೋಣೆಗೆ ತಂದರೂ ಅವರ ಕಣ್ಣಿಗೆ ಸಿಗುವುದು ಸೂರು ಮಾತ್ರ. ಟಿವಿಯನ್ನು ಸೂರಿಗೇ ನೇತು ಹಾಕುವ ಮಹಾಯೋಜನೆಯೊಂದನ್ನು ಮಾಸ್ಟರು ಮಂಡಿಸಿದ್ದುಂಟು. “ಸೊಂಟ ಒಂದು ಮುರಿದಿದೆ, ತಲೆ ಇನ್ನೂ ನೆಟ್ಟಗಿದೆ, ಅದನ್ನ ಹಾಗೇ ಬಿಡಿ” ಎಂದು ಹೆಂಡತಿ ಆ ಯೋಜನೆಯನ್ನು ಅಲ್ಲಿಗೇ ಮುಗಿಸಿದ್ದಳು.

ಇನ್ನು ಮಾಸ್ಟರ ಸಂಕಟ. ಬೀದಿಗೆಲ್ಲ ಅವರು ಮಾಸ್ಟರು. ಅವರು ಕತ್ತರಿಸಿದ ಕೋಟು ತೊಟ್ಟು ಸಂದರ್ಶನಕ್ಕೆ ಹೋದವರಿಗೆ ಕೆಲಸ ಸಿಕ್ಕಿದೆ, ಹೆಣ್ಣು ನೋಡಲು ಹೋದವರಿಗೆ ಹೆಣ್ಣು ಸಿಕ್ಕಿದೆ (ಇದು ಮಾಸ್ಟರೇ ಹೇಳುವ ಅಂಕಿಅಂಶ). ಅತ್ತೆಗೆ ಮಾತ್ರ ಷಡ್ಡಕ ಅಳಿಯ, ಮಾಸ್ಟರು ಬರೀ ಮಗಳ ಗಂಡ. ಇದಕ್ಕೆ ಕಾರಣವಿತ್ತು. ಅತ್ತೆ ಮೂವತ್ತೆರಡು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿ ಒಬ್ಬರು ಕಾಲರ್ ಮಾತ್ರ ಹೊಲಿಯಬೇಕು, ಒಬ್ಬರು ಜೇಬು ಮಾತ್ರ. ಅತ್ತೆಯ ಪಾಲಿಗೆ ಬಂದದ್ದು ತೋಳು. ಬೆಳಗ್ಗೆ ಹೋಗಿ ಕೂತರೆ ಸಂಜೆಯವರೆಗೆ ತೋಳು, ಮಾರನೆಯ ದಿನ ಮತ್ತೆ ತೋಳು. ಮಾಸ್ಟರ ಪ್ರಕಾರ ಇದು ಹೊಲಿಗೆಯೇ ಅಲ್ಲ. ಅಳತೆಯಿಂದ ಇಸ್ತ್ರಿಯವರೆಗೆ ಒಂದು ಉಡುಪನ್ನು ಒಬ್ಬನೇ ಮುಗಿಸಿದರೆ ಅದು ವಿದ್ಯೆ, ಒಂದೇ ತೋಳನ್ನು ಮೂವತ್ತೆರಡು ವರ್ಷ ಹೊಲಿದರೆ ಅದು ಚಟ. ಈ ಸುಭಾಷಿತವನ್ನು ಮದುವೆಯಾದ ಹೊಸದರಲ್ಲಿ ಅತ್ತೆಯ ಎದುರಿಗೇ ಉದುರಿಸಿದ್ದರು. ಅವತ್ತಿನಿಂದ ಅವರು ಹೊಸ ಕೋಟು ತೊಟ್ಟು ಬಂದಾಗಲೆಲ್ಲ ಅತ್ತೆ ತೋರುಬೆರಳಿನಿಂದ ಅದರ ಭುಜವನ್ನೊಮ್ಮೆ ಒತ್ತಿ ನೋಡಿ, ತುಟಿಪಿಟಕ್ಕೆನ್ನದೆ ಕಾಫಿ ತರಲು ಒಳಗೆ ಹೋಗುತ್ತಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಒಂದು ‘ಚೆನ್ನಾಗಿದೆ’ ಆ ಬಾಯಿಂದ ಉದುರಿರಲಿಲ್ಲ.

ಮಗಳ ಮದುವೆಗೆ ಅವಳ ಗೌನಿನಿಂದ ಹಿಡಿದು ಹುಡುಗನ ಕೋಟಿನವರೆಗೆ ಹನ್ನೊಂದು ಉಡುಪುಗಳನ್ನು ಮಾಸ್ಟರು ತಾವೇ ಕತ್ತರಿಸಿ, ತಾವೇ ಹೊಲಿದು, ತಾವೇ ಮೆಚ್ಚಿಕೊಂಡಿದ್ದರು. ಅದನ್ನೆಲ್ಲ ಅತ್ತೆ ನೋಡಬೇಕಿತ್ತು, ನೋಡಿ ಒಂದು ಮಾತು ಆಡಬೇಕಿತ್ತು. ಮೊಮ್ಮಗಳ ಮದುವೆಯನ್ನು ಅಜ್ಜಿಗೆ ತೋರಿಸಬೇಕೆಂಬ ಆಸೆ ಅವರಿಗೂ ಇತ್ತು, ಇರಲಿಲ್ಲ ಎಂದರೆ ಅನ್ಯಾಯವಾದೀತು. ಆದರೆ ಆ ಆಸೆ ಎರಡನೆಯ ಸಾಲಿನಲ್ಲಿ ಕೂತಿತ್ತು.

ಮದುವೆಯ ವಿಡಿಯೊ ತೆಗೆದವನ ಕೈಗೇ ಆ ಡಬ್ಬಿ ಕೊಟ್ಟರೆ ತುಂಬಿಸಿಕೊಡುತ್ತಾನಲ್ಲ ಎಂದು ಹೆಂಡತಿ ಮೊದಲ ದಿನವೇ ಹೇಳಿದಳು. ಮೊದಲ ದಿನವೇ ಹೇಳಿದ ಮಾತು ಎಂದೂ ಗಂಡನ ಕಿವಿಗೆ ಹೋಗಬಾರದು ಎಂಬುದು ಸಂಸಾರದ ನಿಯಮ. ಅದಲ್ಲದೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವೆಂದು ಮಾಸ್ಟರು ಶಪಥ ಮಾಡಿದ್ದರು. ಮದುವೆಯ ದಿನ ಅವರು ಕೊರಳಿಗೆ ಟೇಪು ಸುತ್ತಿಕೊಂಡು, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಮಗಳ ಗೌನಿನ ಅಂಚು ಸರಿಮಾಡಲು ಹೋದಾಗ ಆ ವಿಡಿಯೊದವನು “ಸ್ವಲ್ಪ ಆ ಕಡೆ ಹೋಗಪ್ಪಾ, ಅಡ್ಡ ಬರ್ತಿದೀಯ” ಅಂದಿದ್ದ. ಹೆಣ್ಣಿನ ಅಪ್ಪನಿಗೆ! ಹಾಗಾಗಿ ಮೂರು ಗಂಟೆ ಹತ್ತು ನಿಮಿಷದ ಆ ವಿಡಿಯೊದಲ್ಲಿ ಹೆಣ್ಣಿನ ಅಪ್ಪನ ಒಂದು ಕೂದಲೂ ಕಾಣುವುದಿಲ್ಲ. ಅವರು ಇಡೀ ಸಮಾರಂಭವನ್ನು ಸಭಾಂಗಣದ ಹಿಂದಿನ ಕೋಣೆಯಲ್ಲಿ, ಯಾರದೋ ಕಿತ್ತುಹೋದ ಗುಂಡಿ ಹಾಕುತ್ತಾ ಕಳೆದಿದ್ದರು.

ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಗಿರಾಕಿಗಳ ಅಳತೆಯನ್ನೆಲ್ಲ ಅದರಲ್ಲಿ ಬರೆದಿಡಲಿ ಎಂದು ಮಗಳು ತಂದಿಟ್ಟದ್ದು. ಮಾಸ್ಟರು ಅದರ ಮೇಲೆ ಲೈನಿಂಗ್ ಬಟ್ಟೆಯ ಥಾನು ಇಡುತ್ತಿದ್ದರು. ಈಗ ಥಾನನ್ನು ಇಳಿಸಿ, ಧೂಳು ಕೊಡವಿ, ಮದುವೆಯ ಡಿಸ್ಕನ್ನು ಒಳಗೆ ತಳ್ಳಿ, ಅದರಲ್ಲಿದ್ದುದನ್ನೆಲ್ಲ ಎತ್ತಿ ಪ್ಲೇಯರಿಗೆ ಸುರಿದರು. ಪ್ಲೇಯರ್ ಹೊತ್ತಿಕೊಂಡಿತು. ಹೊತ್ತಿಕೊಂಡು, ‘ಈ ಫೈಲನ್ನು ತೆರೆಯಲಾಗುವುದಿಲ್ಲ’ ಎಂದು ಹೇಳಿ ಸುಮ್ಮನಾಯಿತು. ಮಾಸ್ಟರು ಅದನ್ನು ಆರಿಸಿ ಮತ್ತೆ ಹೊತ್ತಿಸಿದರು, ತಲೆಕೆಳಗು ಮಾಡಿ ತಟ್ಟಿದರು, ಅಂಗಿಯ ತುದಿಯಿಂದ ಒರೆಸಿದರು. ಅದು ಅದೇ ಮಾತನ್ನು ಅಷ್ಟೇ ವಿನಯದಿಂದ ಮತ್ತೆ ಹೇಳಿತು.

ಬೇರೆ ಊರಿನಲ್ಲಿ ಹೊಸ ಸಂಸಾರ ಹೂಡಿದ್ದ ಮಗಳಿಗೆ ಫೋನು ಹೋಯಿತು. ಅವಳು ನಕ್ಕಳು. ಆಮೇಲೆ ಸಮಾಧಾನದಿಂದ, ಡಿಸ್ಕಿನ ಭಾಷೆ ಪ್ಲೇಯರಿಗೆ ತಿಳಿಯುವುದಿಲ್ಲ, ಕನ್ವರ್ಟ್ ಮಾಡಬೇಕು, ಅದಕ್ಕೊಂದು ಪ್ರೋಗ್ರಾಂ ಇದೆ, ಇಲ್ಲಿ ಒತ್ತು, ಅಲ್ಲಿ ಒತ್ತು ಎಂದು ವಿವರಿಸಿದಳು. ಇನ್ನು ಎರಡು ವಾರಕ್ಕೆ ತಾನೇ ಬರುತ್ತೇನೆ, ಬಂದು ಮಾಡಿಕೊಡುತ್ತೇನೆ ಅಂದಳು. ಮೂರು ತುಂಡಿನ ಸೂಟನ್ನು ಕಣ್ಣು ಮುಚ್ಚಿ ಕತ್ತರಿಸುವವನಿಗೆ ಒಂದು ಡಬ್ಬಿಯೇನು ಲೆಕ್ಕ ಎಂದು ಅಪ್ಪ ಫೋನಿಟ್ಟರು.

ಆ ಪ್ರೋಗ್ರಾಂ ಒಂದು ಪ್ರಶ್ನೆ ಕೇಳಿತು. ಗುಣಮಟ್ಟ ಯಾವುದಿರಲಿ: ಸಾಧಾರಣವೋ, ಉತ್ತಮವೋ, ಅತ್ಯುತ್ತಮವೋ? ಮಾಸ್ಟರಿಗೆ ಅವಮಾನವಾದಂತಾಯಿತು. ಮೂವತ್ತು ವರ್ಷದಲ್ಲಿ ತಮ್ಮ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ಯುತ್ತಮಕ್ಕೇ ಗುರುತು ಹಾಕಿ, ‘ಶುರು’ ಎಂಬುದನ್ನು ಒತ್ತಿ, ಕೈಕಟ್ಟಿ ಕೂತರು. ಬೆಳಗ್ಗೆ ಒಂಬತ್ತಕ್ಕೆ ಶುರುವಾದದ್ದು ಮಧ್ಯಾಹ್ನಕ್ಕೆ ಶೇಕಡಾ ಐವತ್ತಾಯಿತು, ಮೂರು ಗಂಟೆಗೆ ತೊಂಬತ್ತೊಂಬತ್ತಾಯಿತು. ನಾಲ್ಕಕ್ಕೂ ತೊಂಬತ್ತೊಂಬತ್ತು. ಐದಕ್ಕೂ ತೊಂಬತ್ತೊಂಬತ್ತು. ಪ್ಯಾಂಟು ತೆಗೆದುಕೊಂಡು ಹೋಗಲು ಬಂದ ಒಬ್ಬ ಗಿರಾಕಿ, “ಕಾಜಾ ಒಂದೇ ಬಾಕಿ, ನಾಳೆ ಬನ್ನಿ ಅಂತ ನೀವು ನಂಗೆ ಒಂದು ವಾರದಿಂದ ಹೇಳ್ತಿಲ್ವಾ, ಅದೇ ಥರ” ಎಂದು ಕಂಪ್ಯೂಟರಿನ ಪಕ್ಷ ವಹಿಸಿ ಮಾತಾಡಿದ. ಮಾಸ್ಟರಿಗೆ ಆ ಗಿರಾಕಿಯ ಸೊಂಟದಳತೆ ಒಂದಿಂಚು ಕಡಿಮೆ ಹಿಡಿಯಬೇಕಿತ್ತು ಎನಿಸಿತು.

ಸಂಜೆಗೆ ಕೊನೆಗೂ ಕಂಪ್ಯೂಟರಿನ ಮೇಲೆ ಚಿತ್ರ ಮೂಡಿತು. ಮೂಡಿದ ಚಿತ್ರ ನೋಡಿ ಮಾಸ್ಟರು ಕುರ್ಚಿಯಿಂದ ಎದ್ದು ನಿಂತರು. ಪರದೆಗೆ ಸರಿಹೊಂದಲೆಂದು ಚಿತ್ರ ಅಡ್ಡಕ್ಕೆ ಹಿಗ್ಗಿಬಿಟ್ಟಿತ್ತು. ಎಳೆಯ ಬಾಳೆದಿಂಡಿನಂಥ ಮಗಳು ಪೀಪಾಯಿಯಾಗಿದ್ದಳು. ಹುಡುಗನ ಕೋಟು ಹೊಟ್ಟೆಯ ಮೇಲೆ ಬಿಗಿದು ಗುಂಡಿ ಈಗ ಹಾರೀತು, ಆಗ ಹಾರೀತು ಎಂಬಂತಿತ್ತು. ಬೇರೆಯವರಾದರೆ ‘ಅಯ್ಯೋ ಎಲ್ಲರೂ ದಪ್ಪಗೆ ಕಾಣ್ತಾರೆ’ ಎಂದು ನಕ್ಕು ಬಿಡುತ್ತಿದ್ದರು. ಮಾಸ್ಟರಿಗೆ ಕಂಡದ್ದು ಹನ್ನೊಂದು ಉಡುಪುಗಳ ಅಳತೆ ಒಟ್ಟಿಗೆ ತಪ್ಪಿದ್ದು. ಅತ್ತೆ ಇದನ್ನು ನೋಡಿದರೆ ಏನಾಗಬಹುದು ಎಂದು ನೆನೆದೇ ಅವರಿಗೆ ಬೆವರು ಬಂತು. ಕೊರಳಿನ ಟೇಪು ತೆಗೆದು ಪರದೆಯ ಮೇಲೆ ಮಗಳ ಸೊಂಟ ಅಳೆದರು, ಎತ್ತರ ಅಳೆದರು, ಚಾಕಿನಿಂದ ಮೇಜಿನ ಮೇಲೆ ಲೆಕ್ಕ ಹಾಕಿದರು. ಮೂರು ದಿನ ಹಿಗ್ಗಿಸಿ, ಕುಗ್ಗಿಸಿ, ಅಳೆದು, ಕೊನೆಗೆ ಮಗಳ ಸೊಂಟವನ್ನು ಇಪ್ಪತ್ತೇಳಕ್ಕೆ ತಂದು ನಿಲ್ಲಿಸಿದರು. ಪ್ರತಿ ಸಲವೂ ಬೆಳಗಿಂದ ಸಂಜೆವರೆಗೆ ಕನ್ವರ್ಟ್. ಅಷ್ಟರಲ್ಲಿ ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆ ಅಟ್ಟದವರೆಗೆ ಏರಿತ್ತು.

“ಒಂದು ಡಬ್ಬಿ ತುಂಬಿಸೋಕೆ ಏಳು ದಿನ” ಅಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಕುಕ್ಕುತ್ತಾ. “ಅಮ್ಮ ದಿನಾ ಕೇಳ್ತಾಳೆ. ಇವತ್ತು ಬರುತ್ತಾ, ನಾಳೆ ಬರುತ್ತಾ ಅಂತ. ಮಲಗಿರೋರಿಗೆ ಒಂದು ದಿನ ಅಂದ್ರೆ ಎಷ್ಟುದ್ದ ಅಂತ ಗೊತ್ತಾ ನಿಮಗೆ?”

“ಒಳ್ಳೇ ಕೆಲಸಕ್ಕೆ ಹೊತ್ತು ಹಿಡಿಯುತ್ತೆ ಕಣೆ.”

“ಒಳ್ಳೇ ಕೆಲಸಾನಾ ಇದು? ಡಿಸ್ಕ್ ಕೊಡಿ ಇಲ್ಲಿ, ನಾನೇ ವಿಡಿಯೊ ಅಂಗಡಿಗೆ ಹೋಗಿ ಬರ್ತೀನಿ.”

ಮಾಸ್ಟರು ಡಿಸ್ಕನ್ನು ಬಾಬಿನ್ ಡಬ್ಬಿಯಲ್ಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

ಎಂಟನೆಯ ದಿನ, ನೆಟ್ಟಗಾದ ಮದುವೆಯನ್ನು ಪ್ಲೇಯರಿಗೆ ಸುರಿಯಲು ಹೋದಾಗ ಅದು ‘ಜಾಗ ಸಾಲದು’ ಅಂದಿತು. ಅತ್ಯುತ್ತಮ ಗುಣಮಟ್ಟದ ಮದುವೆ ಡಬ್ಬಿಗಿಂತ ನಾಲ್ಕು ಪಟ್ಟು ದೊಡ್ಡದಾಗಿತ್ತು. ಮೂಗಿಗಿಂತ ಮೂಗುತಿ ಭಾರ. ಗುಣಮಟ್ಟವನ್ನು ಸಾಧಾರಣಕ್ಕೆ ಇಳಿಸು ಎಂದು ಪ್ರೋಗ್ರಾಂ ತಾನಾಗಿಯೇ ಬುದ್ಧಿ ಹೇಳಿತು. ಮಾಸ್ಟರು ಅದಕ್ಕೆ ಉತ್ತರಿಸುವ ಗೋಜಿಗೂ ಹೋಗಲಿಲ್ಲ. ಇನ್ನೊಂದು ದಾರಿ, ವಿಡಿಯೊವನ್ನು ಚಿಕ್ಕದು ಮಾಡುವುದು. ಅದಕ್ಕೆಂದು ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚಿತ್ರವಿತ್ತು. ಕತ್ತರಿಯ ಚಿತ್ರ.

ಎಂಟು ದಿನದಿಂದ ಪರದೇಶದಲ್ಲಿ ಅಲೆದವನಿಗೆ ತನ್ನೂರಿನವರು ಸಿಕ್ಕಂತಾಯಿತು. ಮಾಸ್ಟರು ತೋಳು ಮಡಚಿದರು.

ಮೊದಲು ಹೋದದ್ದು ಷಡ್ಡಕನ ಭಾಷಣ, ಹತ್ತೊಂಬತ್ತು ನಿಮಿಷ. ಅದನ್ನು ಕತ್ತರಿಸುವಾಗ ಮಾಸ್ಟರು ಸಣ್ಣಗೆ ಶಿಳ್ಳೆ ಹಾಕಿದರು. ಆಮೇಲೆ ಊಟದ ದೃಶ್ಯ. ಉಣ್ಣುವವರು ಬಗ್ಗಿರುತ್ತಾರೆ, ಬಗ್ಗಿದವರ ಕೋಟು ಮೈಮೇಲೆ ಹೇಗೆ ಇಳಿಬಿದ್ದಿದೆ ಎಂಬುದು ಕಾಣುವುದಿಲ್ಲ. ಆಮೇಲೆ ಮುಖಗಳು. ಮುಖವನ್ನು ದೇವರು ಕೊಟ್ಟಿದ್ದಾನೆ, ಅದರಲ್ಲಿ ದರ್ಜಿಯ ಶ್ರಮವೇನಿದೆ? ಕ್ಯಾಮೆರಾ ಎಲ್ಲೆಲ್ಲಿ ಮುಖಕ್ಕೆ ಹತ್ತಿರ ಹೋಗಿತ್ತೋ ಅಲ್ಲೆಲ್ಲ ಕತ್ತರಿ ಆಡಿತು, ಎಲ್ಲೆಲ್ಲಿ ಹಿಂದೆ ಸರಿದು ಉಡುಪನ್ನು ಪೂರ್ತಿ ಹಿಡಿದಿತ್ತೋ ಅದೆಲ್ಲ ಉಳಿಯಿತು. ಗೌನಿನ ಅಂಚು ನೆಲದ ಮೇಲೆ ಹರಿಯುವುದು ಐದು ನಿಮಿಷ ಉಳಿಯಿತು. ಹುಡುಗ ಕೈಯೆತ್ತಿ ಯಾರಿಗೋ ನಮಸ್ಕಾರ ಹೇಳುವಾಗ ಕಂಕುಳಲ್ಲಿ ಒಂದು ಸುಕ್ಕೂ ಏಳದಿರುವುದು ಮೂರು ನಿಮಿಷ. ವಿಡಿಯೊದವನಿಗೆ ತಿಳಿಯದ ಮದುವೆಯ ನಿಜವಾದ ಸೌಂದರ್ಯ ಮಾಸ್ಟರ ಕೈಯಲ್ಲಿ ಮೆಲ್ಲಗೆ ಹೊರಬರುತ್ತಿತ್ತು.

ಹಾಗೆ ಕತ್ತರಿಸುತ್ತಿರುವಾಗ ಕಂಡದ್ದು ಆ ಹಸಿರು ಕೋಟು. ಮದುವೆಯ ಮೊದಲ ಗಂಟೆಯಲ್ಲಿ, ಸಭಾಂಗಣ ಇನ್ನೂ ತಣ್ಣಗಿದ್ದಾಗ, ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬೆನ್ನು ತೋರಿಸಿ ಕೂತಿದ್ದಳು. ತಲೆಗೆ ಶಾಲು ಹೊದ್ದಿದ್ದಳು, ಮುಖ ಒಮ್ಮೆಯೂ ಕಾಣುವುದಿಲ್ಲ. ಮೈಮೇಲೆ ಕಡುಹಸಿರು ಉಣ್ಣೆಯ ಕೋಟು. ಮಾಸ್ಟರು ಚಿತ್ರವನ್ನು ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತೋಳು ಭುಜಕ್ಕೆ ಕೂತಿದ್ದ ರೀತಿ ನೋಡಿ ಅವರಿಗೆ ಕಣ್ಣು ತೇವವಾಯಿತು. ಅವಳ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಇಳಿದಿತ್ತು, ಆದರೆ ಕೋಟು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮಾಸ್ಟರಿಗೆ ಗಿರಾಕಿಗಳ ಮುಖ ನೆನಪಿರುವುದಿಲ್ಲ, ಭುಜ ಮರೆಯುವುದಿಲ್ಲ. ಈ ಭುಜ ಅವರಿಗೆ ಗೊತ್ತು, ಚೆನ್ನಾಗಿ ಗೊತ್ತು, ಆದರೆ ಯಾರದು? ಅಳತೆಯ ಪುಸ್ತಕ ತಿರುವಿ ಹಾಕಿದರು, ಸಿಗಲಿಲ್ಲ. ಯಾವುದೋ ವರ್ಷ ಹೊಲಿದುಕೊಟ್ಟದ್ದಿರಬೇಕು. ಇಷ್ಟು ಚೆನ್ನಾಗಿದೆ ಅಂದ ಮೇಲೆ ತಾವಲ್ಲದೆ ಇನ್ನಾರು ಹೊಲಿದಾರು ಎಂಬ ಒಂದೇ ತರ್ಕಕ್ಕೆ ಎಲ್ಲ ಅನುಮಾನವೂ ಪರಿಹಾರವಾಯಿತು. ಆ ಬೆನ್ನನ್ನು ಏಳು ನಿಮಿಷ ಪೂರ್ತಿ ಇಟ್ಟುಕೊಂಡರು.

ಮೂರು ಗಂಟೆ ಹತ್ತು ನಿಮಿಷದ ಮದುವೆ ನಲವತ್ತು ನಿಮಿಷವಾಗಿ ಡಬ್ಬಿಯೊಳಗೆ ಕೂತಿತು.

ಹತ್ತನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಮಾಸ್ಟರು ಹೆಂಡತಿಯೊಡನೆ ಅತ್ತೆಯ ಮನೆಗೆ ಹೋದರು. ಅತ್ತೆ ತಮ್ಮನ್ನು ನೋಡಿಕೊಳ್ಳುತ್ತಿದ್ದ ಆಯಾಳ ಕೈಲಿ ತಲೆ ಬಾಚಿಸಿಕೊಂಡು, ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆಸಿ ಉಟ್ಟು ಕಾಯುತ್ತಿದ್ದರು. ಮದುವೆಗೆ ಹೊರಟವರಂತೆ ಕಂಡರು. ಅದನ್ನು ನೋಡಿ ಮಾಸ್ಟರೂ ತಮ್ಮ ಕಾಲರು ಸರಿಮಾಡಿಕೊಂಡರು. ಹೊಟ್ಟೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಪ್ಲೇಯರ್ ನಿಲ್ಲಿಸಿ, ಅತ್ತೆಗೆ ಕನ್ನಡಕ ಕೊಟ್ಟು, ಗುಂಡಿ ಒತ್ತಿ, ತಾವು ಪಕ್ಕದ ಕುರ್ಚಿಯಲ್ಲಿ ಕೂತರು.

ನೆಲದ ಮೇಲೆ ಗೌನಿನ ಅಂಚು ಹರಿಯಿತು. ಅತ್ತೆ ಕಾದರು. ಅಂಚು ಹರಿಯುತ್ತಲೇ ಇತ್ತು. ಆಮೇಲೆ ಹುಡುಗನ ಕಂಕುಳು ಬಂತು. ಅದಾದ ಮೇಲೆ ಒಂದು ಕಾಲರು.

“ಮಗು ಎಲ್ಲಿ?” ಅಂದರು ಅತ್ತೆ.

“ಇದೇ ಅತ್ತೆ ಮಗು.”

“ಇದು ಬೆನ್ನು.”

“ಬೆನ್ನಿನ ಹೊಲಿಗೆ ನೋಡಿ, ಕತ್ತಿಂದ ಸೊಂಟದವರೆಗೆ ಗೆರೆ ಎಳೆದ ಹಾಗಿದೆ.”

“ಅವಳು ನಗೋದು ಬರುತ್ತಾ?”

ಬರುತ್ತೆ ಎಂದರು ಮಾಸ್ಟರು. ಬರುವುದಿಲ್ಲ ಎಂಬುದು ಅವರಿಗೆ ಆಗಲೇ, ಆ ಕ್ಷಣದಲ್ಲೇ ಗೊತ್ತಾಯಿತು. ಹತ್ತು ದಿನ ಆ ವಿಡಿಯೊದ ಮುಂದೆ ಕೂತಿದ್ದರೂ ಮಗಳು ಎಲ್ಲಿ ನಕ್ಕಳು, ಎಲ್ಲಿ ಅತ್ತಳು ಎಂದು ತಾವೇ ನೋಡಿರಲಿಲ್ಲ. ಹೆಂಡತಿ ಮಂಚದ ಆಚೆ ಬದಿಯಿಂದ ನೋಡಿದ ನೋಟಕ್ಕೆ ಇಸ್ತ್ರಿಪೆಟ್ಟಿಗೆಯ ಕಾವು ಇತ್ತು. ಅತ್ತೆ ಕನ್ನಡಕ ತೆಗೆದು ದಿಂಬಿನ ಪಕ್ಕಕ್ಕಿಟ್ಟರು. ಮಾಸ್ಟರಿಗೆ ನಾಚಿಕೆಯಾಯಿತು. ನಾಚಿಕೆಯಾದ ಗಂಡಸು ಮಾಡುವ ಮೊದಲ ಕೆಲಸವನ್ನೇ ಅವರೂ ಮಾಡಿದರು, ದನಿ ಎತ್ತರಿಸಿ ಭಾಷಣಕ್ಕೆ ನಿಂತರು. ಅಷ್ಟರಲ್ಲಿ ಪರದೆಯ ಮೇಲೆ ಹಸಿರು ಕೋಟು ಬಂದಿತ್ತು.

“ಇದೊಂದು ನೋಡಿ ಅತ್ತೆ, ಕನ್ನಡಕ ಹಾಕ್ಕೊಳ್ಳಿ. ಈ ತೋಳು ನೋಡಿ. ಎಡಭುಜ ಅರ್ಧ ಇಂಚು ಇಳಿದಿದೆ, ಒಳಗೆ ಒಂದು ಪದರ ಸೇರಿಸಿ ಸಮ ಮಾಡಿದೆ. ತೊಟ್ಟೋರಿಗೇ ಗೊತ್ತಾಗಲ್ಲ ಅದು. ನೀವು ಅಷ್ಟು ವರ್ಷ ಕಾರ್ಖಾನೇಲಿ ತೋಳು ಹೊಲಿದ್ರಲ್ಲ, ಬೇಜಾರು ಮಾಡ್ಕೋಬೇಡಿ, ಇದು ಕಾರ್ಖಾನೇಲಿ ಬರೋ ವಿದ್ಯೆ ಅಲ್ಲ. ಈ ಊರಲ್ಲಿ ಇಂಥ ತೋಳು ಕೂರಿಸೋ ಕೈ ಇರೋದು ಒಂದೇ.”

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

“ಒಂದೇನಾ?” ಅಂದರು.

“ಒಂದೇ.”

“ಇನ್ನೊಂದ್ಸಲ ಹೇಳಿ.”

ಇಪ್ಪತ್ತೆಂಟು ವರ್ಷದ ಬರ ಮುಗಿಯಿತೆಂದು ಮಾಸ್ಟರಿಗೆ ಎನಿಸಿತು. ಅವರು ಇನ್ನೊಂದು ಸಲ, ಇನ್ನಷ್ಟು ವಿಸ್ತಾರವಾಗಿ ಹೇಳಿದರು. ಈ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂಬಲ್ಲಿಯವರೆಗೆ ಹೋದರು. ಆಯಾ ಕೂಡ ಕೆಲಸ ಬಿಟ್ಟು ಬಂದು ನಿಂತು ಕೇಳಿದಳು.

“ಸಾಕು ಮಾಡ್ರೀ” ಅಂದಳು ಹೆಂಡತಿ. ಅವಳ ದನಿಯಲ್ಲಿ ಕೋಪವಿತ್ತೋ ನಗುವಿತ್ತೋ ತಿಳಿಯುವಂತಿರಲಿಲ್ಲ. “ಆ ಭುಜ ಯಾರದು ಅಂತ ಗೊತ್ತಾಯ್ತಾ ನಿಮಗೆ?”

“ಯಾರೋ ಹಳೇ ಗಿರಾಕಿ.”

“ಹೌದು, ಹಳೇ ಗಿರಾಕಿನೇ. ಇಪ್ಪತ್ತೆಂಟು ವರ್ಷ ನಿಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಇಳಿದ ಭುಜ ಅದು. ನಂದು.”

ಮಾಸ್ಟರು ಪರದೆ ನೋಡಿದರು, ಹೆಂಡತಿಯ ಭುಜ ನೋಡಿದರು, ಮತ್ತೆ ಪರದೆ ನೋಡಿದರು. ಕಣ್ಣಳತೆಯಲ್ಲಿ ಅವರಿಗೆ ಸಾಟಿ ಇರಲಿಲ್ಲ. ಅರ್ಧ ಇಂಚು ಸರಿಯಾಗಿತ್ತು.

ಉಳಿದದ್ದನ್ನು ಹೆಂಡತಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮಗಳ ಮದುವೆಗೆಂದು ಹಸಿರು ಉಣ್ಣೆಯ ಬಟ್ಟೆ ತಂದು ನಾಲ್ಕು ತಿಂಗಳ ಹಿಂದೆಯೇ ಅಂಗಡಿಯಲ್ಲಿ ಕೊಟ್ಟಿದ್ದಳು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ಅದು ಬಟ್ಟೆಯ ರಾಶಿಯ ತಳಕ್ಕೆ ಸೇರಿತ್ತು. ಮದುವೆಗೆ ಇಪ್ಪತ್ತು ದಿನ ಇರುವಾಗ ಅವಳು ಅದನ್ನು ಎತ್ತಿಕೊಂಡು ತಾಯಿಯ ಮನೆಗೆ ಬಂದಳು. ಬಟ್ಟೆ ಹೋದದ್ದು ಮಾಸ್ಟರಿಗೆ ಗೊತ್ತೇ ಆಗಲಿಲ್ಲ. ತಾಯಿ ಹಳೆಯ ಮಿಷನ್ನಿನ ಧೂಳು ಕೊಡವಿ ಹೊಲಿದುಕೊಟ್ಟರು. ಮದುವೆಯ ಬೆಳಗ್ಗೆ ಅದನ್ನು ತೊಟ್ಟು ಗಂಡನ ಮುಂದೆ ನಿಂತು ಹೇಗಿದೆ ಎಂದು ಕೇಳಿದಾಗ, ಬಾಯಿ ತುಂಬ ಗುಂಡುಪಿನ್ನು ಕಚ್ಚಿದ್ದ ಗಂಡ ತಲೆಯೆತ್ತದೆ ಅಲ್ಲಾಡಿಸಿದ್ದ. ಸಭಾಂಗಣದಲ್ಲಿ ಸೆಕೆಯಾದ ಮೇಲೆ ಅವಳು ಕೋಟನ್ನು ತೆಗೆದು ಕುರ್ಚಿಗೆ ಹಾಕಿದ್ದಳು, ಮತ್ತೆ ಆ ಮಾತು ಬರಲೇ ಇಲ್ಲ.

ಮಾಸ್ಟರು ಎಲ್ಲಿ ನೋಡಬೇಕೆಂದು ತಿಳಿಯದೆ ಸೂರು ನೋಡಿದರು. ಅತ್ತೆ ಪ್ಲೇಯರಿನ ಚಿತ್ರವನ್ನು ಹೆಬ್ಬೆರಳಿನಿಂದ ನಿಲ್ಲಿಸಿದರು.

“ಅಳಿಯಂದ್ರೇ” ಅಂದರು, ಮೆಲ್ಲಗೆ. “ನೀವು ನಮ್ಮನೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ನನ್ನ ಕೆಲಸ ನೀವು ನೋಡಿದ್ದು ಇವತ್ತೇ.”

ಇಪ್ಪತ್ತೆಂಟು ವರ್ಷದಿಂದ ಒಂದು ಮಾತಿಗಾಗಿ ಕಾದವರು ತಾವೊಬ್ಬರೇ ಎಂದು ಮಾಸ್ಟರು ತಿಳಿದಿದ್ದರು. ಅತ್ತೆಯ ಮಾತು ಕೇಳಿ ಅವರಿಗೆ ನಿಜವಾಗಿ ದುಃಖವಾಯಿತು, ದುಃಖದ ಕೆಳಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಏಕೆಂದರೆ ತೋಳು ಅಷ್ಟು ಚೆನ್ನಾಗಿತ್ತು.

ಡಿಸ್ಕನ್ನು ಮಧ್ಯಾಹ್ನವೇ ಹೆಂಡತಿ ವಿಡಿಯೊ ಅಂಗಡಿಗೆ ಒಯ್ದಳು. ಆ ಮನುಷ್ಯ ಗುಣಮಟ್ಟವನ್ನು ಸಾಧಾರಣಕ್ಕೆ ಇಳಿಸಿ ಅಷ್ಟೂ ಮದುವೆಯನ್ನು ಡಬ್ಬಿಗೆ ತುಂಬಿಸಿಕೊಟ್ಟ. ತನ್ನ ಹತ್ತಿರವಿರುವ ಯಂತ್ರಕ್ಕೆ ಇದು ಕಾಲುಗಂಟೆಯ ಕೆಲಸ ಅಂದನಂತೆ. ಅಂಗೈಯಗಲದ ಪರದೆಯಲ್ಲಿ ಸಾಧಾರಣಕ್ಕೂ ಅತ್ಯುತ್ತಮಕ್ಕೂ ಒಂದು ನೂಲಿನ ವ್ಯತ್ಯಾಸ ಕಾಣಲಿಲ್ಲ. ಸಂಜೆ ಅತ್ತೆ ಮೊಮ್ಮಗಳ ನಗುವನ್ನು ನೋಡಿದರು, ಅವಳು ಅಳುವುದನ್ನು ನೋಡಿ ತಾವೂ ಅತ್ತರು, ಷಡ್ಡಕನ ಭಾಷಣ ಬಂದಾಗ ಸ್ವಲ್ಪ ನಿದ್ದೆ ಮಾಡಿದರು. ಆದರೆ ಮಾಸ್ಟರು ಕತ್ತರಿಸಿಟ್ಟ ಹಸಿರು ಕೋಟಿನ ಆ ಏಳು ನಿಮಿಷವನ್ನು ಮಾತ್ರ ಅತ್ತೆ ಅಳಿಸಲು ಬಿಡಲಿಲ್ಲ. ಅದನ್ನು ಬೇರೆಯಾಗಿ, ಪಟ್ಟಿಯ ಮೊದಲಿಗೇ ಇಡಿಸಿಕೊಂಡರು.

ರೋಗಿಯನ್ನು ನೋಡಲು ಜನ ಬರುತ್ತಲೇ ಇರುತ್ತಾರೆ. ಕಾರ್ಖಾನೆಯ ಹಳೆಯ ಗೆಳತಿಯರು ಬಂದರು, ನೆರೆಮನೆಯವರು ಬಂದರು, ಬ್ಯಾಂಡೇಜು ಬದಲಿಸುವ ನರ್ಸು ದಿನಾ ಬಂದಳು. ಪ್ರತಿ ಸಲವೂ ಎರಡು ಬೀದಿಯಾಚೆಗೆ ಫೋನು ಹೋಗುತ್ತಿತ್ತು, ಮಾಸ್ಟರು ಕತ್ತರಿ ಕೆಳಗಿಟ್ಟು ಬರಬೇಕಾಗುತ್ತಿತ್ತು. ಅತ್ತೆ ಡಬ್ಬಿಯಲ್ಲಿ ಹಸಿರು ಕೋಟಿನ ಚಿತ್ರ ಹಾಕಿ, “ನಾನು ಹೇಳಿದ್ರೆ ಜಂಬ ಅಂತಾರೆ. ಅಳಿಯಂದ್ರೇ, ಆವತ್ತು ಹೇಳಿದ್ರಲ್ಲ, ಅದನ್ನ ಇವರಿಗೂ ಸ್ವಲ್ಪ ಹೇಳಿ” ಎನ್ನುತ್ತಿದ್ದರು. ಮಾಸ್ಟರು ಪಾಠ ಒಪ್ಪಿಸುವಂತೆ ನಿಂತು ಎಡಭುಜದಿಂದ ಶುರುಮಾಡಿ ಹೇಳುತ್ತಿದ್ದರು. ಚಿನ್ನದ ಬಳೆಯನ್ನು ಬಿಟ್ಟರೆ ಅತ್ತೆ ನೆನಪಿಸುತ್ತಿದ್ದರು.

ಮುಂದಿನ ಭಾನುವಾರ ಷಡ್ಡಕ ಬಂದ. ತಾನು ಕೊಟ್ಟ ಡಬ್ಬಿ ಹೇಗಿದೆ ಎಂದು ವಿಚಾರಿಸಿದ. ಅತ್ತೆ ಪ್ಲೇಯರನ್ನು ಅವನತ್ತ ತಿರುಗಿಸಿ ಮಾಸ್ಟರ ಮುಖ ನೋಡಿದರು. ಮಾಸ್ಟರು ನೆಲ ನೋಡುತ್ತಾ, ಎಡಭುಜ, ಒಳಪದರ, ಸುಕ್ಕಿಲ್ಲದ ತೋಳು, ಊರಿಗೆಲ್ಲ ಒಂದೇ ಕೈ ಎಂದು ಒಪ್ಪಿಸಿದರು.

“ಭೇಷ್” ಅಂದ ಷಡ್ಡಕ, ಅವರ ಬೆನ್ನು ತಟ್ಟಿ. “ನಿಮ್ಮ ಕೈ ಅಂದ್ರೆ ಕೈ.”

“ನಂದಲ್ಲ” ಅಂದರು ಮಾಸ್ಟರು. “ಅತ್ತೇದು.”

“ಜೋರಾಗಿ ಹೇಳಿ ಅಳಿಯಂದ್ರೇ, ಅವರಿಗೆ ಸ್ವಲ್ಪ ಕಿವಿ ಮಂದ” ಅಂದರು ಅತ್ತೆ.

ಷಡ್ಡಕನ ಕಿವಿ ಮಂದವೇನೂ ಇರಲಿಲ್ಲ. ಮಾಸ್ಟರು ಜೋರಾಗಿಯೇ ಹೇಳಿದರು.